ವಯೋಮಿಂಗ್‌ನ ಹೆಂಗಸರು, ಕಮಲಾಪುರದ ಅವ್ವ

ಟೆಕ್ಸಾಸ್ ಒಂದು ಕಾಲಕ್ಕೆ ತನ್ನದೇ ಬಾವುಟ, ತನ್ನದೇ ಅಧ್ಯಕ್ಷ ಇದ್ದ ಬೇರೆ ದೇಶವಾಗಿತ್ತು ಎಂದು ನಾನು ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಮ್ಮ ನಿಜಾಮಂದು ಇದ್ದಂಗ” ಅಂದಳು, ಅಷ್ಟೇ.

ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದ ವರ್ಷಗಳವು. ನಾನು ಗುಲ್ಬರ್ಗದ ಶಹಾಬಜಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ, ರಜೆಗೆ ನಮ್ಮೂರು ಕಮಲಾಪುರಕ್ಕೆ ಬರುತ್ತಿದ್ದೆ. ನಮ್ಮ ಚರಿತ್ರೆಯ ಟೀಚರು ಪುಸ್ತಕ ಮುಚ್ಚಿಟ್ಟ ಮೇಲೆಯೇ ನಿಜವಾದ ಪಾಠ ಶುರುಮಾಡುತ್ತಿದ್ದರು, ಅರ್ಧ ಉರ್ದು, ಅರ್ಧ ಕನ್ನಡ. ಅಲಾಸ್ಕವನ್ನು ಅಮೆರಿಕದವರು ರಷ್ಯದಿಂದ ಕೊಂಡುಕೊಂಡದ್ದಂತೆ. ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ಒಂಟಿ ಹೆಂಗಸರು ದೇಶ ಹುಟ್ಟಿದ ಹೊಸತರಲ್ಲೇ ವೋಟು ಹಾಕುತ್ತಿದ್ದರಂತೆ, ಆಮೇಲೆ ಗಂಡಸರು ಕಾನೂನು ಮಾಡಿ ಅದನ್ನು ಕಿತ್ತುಕೊಂಡರಂತೆ. ಕೊಟ್ಟದ್ದನ್ನು ಕಿತ್ತುಕೊಳ್ಳುವುದು! ನನಗೆ ಮೈಯೆಲ್ಲ ಉರಿದುಹೋಗಿತ್ತು.

ನನಗೆ ಮೆಚ್ಚಾಗಿದ್ದು ವಯೋಮಿಂಗ್. ದನ ಮೇಯಿಸುವವರ ಬರೀ ಬಯಲು. ಇಡೀ ಅಮೆರಿಕಕ್ಕಿಂತ ಅರ್ಧ ಶತಮಾನ ಮೊದಲೇ ಅಲ್ಲಿಯ ಹೆಂಗಸರಿಗೆ ವೋಟು ಸಿಕ್ಕಿತ್ತು. ಅದು ರಾಜ್ಯವಾಗಿ ಒಕ್ಕೂಟಕ್ಕೆ ಸೇರುವಾಗ ರಾಜಧಾನಿಯ ದೊಡ್ಡವರು ಇದಕ್ಕೇ ತಕರಾರು ತೆಗೆದರು. ಹೆಂಗಸರ ವೋಟು ಬಿಟ್ಟು ಬರಬೇಕೆಂದರೆ ನಾವು ಬರುವುದೇ ಇಲ್ಲ ಎಂದು ವಯೋಮಿಂಗ್ ಹಟ ಹಿಡಿದು ಕೂತಿತು, ಗೆದ್ದಿತು.

ಇದನ್ನು ಕೇಳಿ ಅವ್ವನ ಕೈ ನಿಂತಿತು. “ಹಂಗ ಅಂದವರು ಗಂಡಸರ ಏನ?” ಎಂದು ಎರಡೆರಡು ಸಲ ಕೇಳಿದಳು.

ಯಾಕೆ ಕೇಳಿದಳೆಂದು ಅದೇ ವಾರ ತಿಳಿಯಿತು. ಮೊದಲ ಸಲ ಮತದಾರರ ಪಟ್ಟಿ ಮಾಡಲು ಬಂದಾಗ ದೊಡ್ಡಪ್ಪ ನಮ್ಮ ಮನೆಯ ಹೆಂಗಸರನ್ನು ‘ಇಂಥವರ ಹೆಂಡತಿ’ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರು ಹೇಳದವರನ್ನು ಪಟ್ಟಿಯಿಂದ ತೆಗೆಯುತ್ತೇವೆಂದು ಗುಮಾಸ್ತ ಈಗ ಮತ್ತೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಅವ್ವನಿಗೆ ವೋಟು ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

“ರಜಾಕಾರರ ದಿನದಾಗ ನಮ್ಮ ಹೆಣ್ಮಕ್ಕಳ ಹೆಸರು ಹೊಸ್ತಿಲ ದಾಟಲಿಲ್ಲ, ಅದಕ್ಕ ಉಳದೀವಿ. ತೆಗೀತಿದ್ರ ತೆಗೀರಿ” ಎಂದರು ದೊಡ್ಡಪ್ಪ.

ಆ ಮಾತು ಸುಳ್ಳಲ್ಲ. ನಿಜಾಮನ ಪರದ ಆ ರಜಾಕಾರರು ಊರಿಗೆ ನುಗ್ಗಿದಾಗ ಒಳಕೋಣೆಯ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದವರಲ್ಲಿ ನಾನೂ ಒಬ್ಬಳು. ಆದರೆ ಆ ದಿನಗಳು ಹೋದವಲ್ಲ? ಹೋದ ಮೇಲೂ ಆ ಬೀಗ ನಮಗೇ ಯಾಕೆ? ಸುಮ್ಮನಿರುವ ಬಾಯಿ ನನ್ನದಲ್ಲ. ನಟ್ಟನಡುವೆ ಹೋಗಿ ವಯೋಮಿಂಗ್ ಕಥೆ ಒದರಿಬಿಟ್ಟೆ.

“ಅಮೆರಿಕದ ಹೆಂಗಸರು ಬಂದು ನಿನ್ನ ಪಾಲಿನ ರೊಟ್ಟಿ ಬಡೀತಾರೇನ? ಒಳಗ ನಡಿ!” ಎಂದು ದೊಡ್ಡಪ್ಪ ಗದರಿದರು.

ಗುಮಾಸ್ತ ಗೊಳ್ಳೆಂದು ನಕ್ಕ. ನಾನು ಒಳಗೆ ಹೋಗಲಿಲ್ಲ. ಕಂಬ ಹಿಡಿದು ನಿಂತು, “ಹೆಂಗಸರ ವೋಟ ಬಿಟ್ಟು ಬರಂಗಿಲ್ಲ ಅಂದವರು ಗಂಡಸರ ರೀ, ದೊಡ್ಡಪ್ಪಾ. ನಿಮ್ಮಂಥ ಹಿರೇರ” ಎಂದೆ.

ಅಪ್ಪ ಅಣ್ಣನ ಎದುರು ತುಟಿ ಬಿಚ್ಚುವವರೇ ಅಲ್ಲ. ಅಂದು ನೆಲ ನೋಡುತ್ತಲೇ, ಮದುವೆಯಲ್ಲಿ ಈ ಮನೆಯವರು ಬದಲಿಸಿ ಇಟ್ಟಿದ್ದ ಅವ್ವನ ಹೆಸರನ್ನು ಮೆಲ್ಲಗೆ ಹೇಳಿದರು. ದೊಡ್ಡಪ್ಪ ಮುಖ ತಿರುಗಿಸಿದರು, ಬೇಡ ಎನ್ನಲಿಲ್ಲ. ನಾನು ಗೆದ್ದೆನೆಂದು ಬೀಗುವಷ್ಟರಲ್ಲಿ ಹೊಸ್ತಿಲಲ್ಲಿ ಬಳೆ ಸದ್ದಾಯಿತು.

ಅವ್ವ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈತುಂಬ ಜೋಳದ ಹಿಟ್ಟು.

“ಅದಲ್ಲರಿ” ಎಂದು ಹೊಸ್ತಿಲು ದಾಟಿ ಬಂದಳು. “ನಮ್ಮವ್ವ ತೊಟ್ಟಿಲದಾಗ ಕರೆದ ಹೆಸರು ಬ್ಯಾರೆ ಅದ. ಅದನ್ನ ಬರೀರಿ.”

ಹೇಳಿದಳು, ಕಟ್ಟೆಯ ಆಚೆಗೂ ಕೇಳುವಂತೆ. ತವರಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಹೀಗಾಗಿ ನನಗೂ ಆ ಹೆಸರು ಗೊತ್ತಿರಲಿಲ್ಲ. ಗುಮಾಸ್ತ ನಗು ನಿಲ್ಲಿಸಿ ಬರೆದುಕೊಂಡ. ದೊಡ್ಡಪ್ಪ ರುಮಾಲು ಕೊಡವಿ ಹೊಲದ ಕಡೆ ಹೊರಟುಹೋದರು.

ವೋಟಿನ ದಿನ ಅದೇ ಹೆಸರು ಕೂಗಿದರು. ಸಾಲಿನಲ್ಲಿದ್ದ ನೆರೆಯವರು ಇದ್ಯಾರು ಎಂದು ಅತ್ತಿತ್ತ ನೋಡುತ್ತಿರುವಾಗ ಅವ್ವ “ನಾನ ರೀ” ಎಂದು ಮುಂದೆ ನಡೆದಳು.

ಅದು ಯಾವ ಹೆಸರೆಂದು ನನ್ನನ್ನು ಕೇಳಬೇಡಿ. ಅವಳ ಹೆಸರನ್ನು ಅವಳ ಪರವಾಗಿ ಹೇಳಿದವರು ಆ ಮನೆಯಲ್ಲಿ ಬೇಕಾದಷ್ಟು ಜನ ಇದ್ದರು. ನಾನು ಅವರಲ್ಲಿ ಒಬ್ಬಳಾಗುವುದಿಲ್ಲ.