ಕಲ್ಲು ನೋಡುವ ಮೇಜಿನವಳು

ಸಂಗ್ರಹಾಲಯದ ಹಿಂಬಾಗಿಲ ಪಕ್ಕದ ಕೋಣೆಯಲ್ಲಿ ಕೂತು, ಜನ ಹೊತ್ತು ತರುವ ಕಲ್ಲುಗಳನ್ನು ನೋಡಿ ಇದು ಪಳೆಯುಳಿಕೆ, ಇದು ಬರೀ ಕಲ್ಲು ಎಂದು ಹೇಳುವುದು ಅವಳ ಗುರುವಾರದ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ. ತಾನೇ ಬೆಟ್ಟ ಅಲೆದು ಏನಾದರೂ ಕಂಡುಹಿಡಿಯಬೇಕೆಂದು ಓದಿದವಳು. ಇಷ್ಟು ವರ್ಷದಲ್ಲಿ ಸ್ವಂತಕ್ಕೆ ಒಂದು ಚೂರೂ ಸಿಕ್ಕಿರಲಿಲ್ಲ. ಆ ಸಿಟ್ಟೆಲ್ಲ ಕಲ್ಲು ತರುವವರ ಮೇಲೆ. ಡೈನೋಸಾರ್ ಮೊಟ್ಟೆ ಎಂದು ಉರುಟು ಕಲ್ಲು ತರುವ ದಡ್ಡರು, ವಾರ್ನಿಷ್ ಬಳಿದು ತರುವ ಪೆದ್ದರು, ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದದ್ದನ್ನು ಅಂಗಡಿಯಲ್ಲಿ ಕೊಂಡು "ನಮ್ಮ ಹಿತ್ತಲಲ್ಲೇ ಸಿಕ್ತು" ಎಂದು ರೈಲು ಬಿಡುವವರು. ಮನೆಗೆ ಹೋದಾಗ ತಂಗಿ "ಇವತ್ತೆಷ್ಟು ಜನ ಹುಚ್ಚರು ಬಂದಿದ್ರು ಅಕ್ಕಾ?" ಎಂದು ಕೇಳಿದರೆ, ಒಬ್ಬೊಬ್ಬರನ್ನೂ ಅಣಕಿಸಿ ನಗಿಸುತ್ತಿದ್ದಳು.

ಆ ದಿನ ಬಂದ ಆಸಾಮಿ ಅಂಗಡಿ ಮುಚ್ಚಿದ ಗಡಿಯಾರ ರಿಪೇರಿಯವ. ಹತ್ತಿ ತುಂಬಿದ ಡಬ್ಬಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಪ್ಪು.

"ದಪ್ಪ ಗೀರು ಹತ್ತೊಂಬತ್ತು ಇದೆ ಮೇಡಂ. ನಡುವೆ ಎರಡೆರಡು ಸಣ್ಣ ಗೀರು. ಲೈಬ್ರರೀಲಿರೋ ಪುಸ್ತಕ ಎಲ್ಲಾ ತಿರುವಿ ಹಾಕ್ದೆ, ಇಂಥದ್ದು ಎಲ್ಲೂ ಇಲ್ಲ. ಹೊಸ ಜಾತಿ ಹೌದೋ ಅಲ್ವೋ, ಅದೊಂದು ಹೇಳಿ ಸಾಕು."

"ಹೊಸದೇ ಇರತ್ತೆ ಬಿಡಿ. ಹೋದ ತಿಂಗಳು ಅಚ್ಚು ಹೊಯ್ದಿರ್ತಾರೆ."

ಅವನು ಪಾಪ, ತಮಾಷೆ ಎಂದುಕೊಂಡು ನಕ್ಕ. ಅವಳ ಮೈ ಉರಿಯಿತು. ಆಸಿಡ್ ಹಾಕಿದರೆ ಪ್ಲಾಸ್ಟರ್ ಸುಮ್ಮನಿರುತ್ತದೆ, ನಿಜವಾದ ಚಿಪ್ಪು ನೊರೆ ಕಕ್ಕುತ್ತದೆ. ಆದರೆ ಮೊದಲು ಭೂತಗನ್ನಡಿಯಲ್ಲಿ ನೋಡಬೇಕು, ಆಮೇಲೆ ಹಿಂಬದಿಯ ಮೂಲೆಗೆ ಸೂಜಿಮೊನೆಯಷ್ಟು ಮುಟ್ಟಿಸಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳೇ ಹೇಳಿಕೊಡುವ ಪಾಠವದು. ಇಂಥವರ ಕಲ್ಲಿಗೆ ಅಷ್ಟೆಲ್ಲ ಉಪಚಾರ ಯಾಕೆ? ಮುಂಬದಿಯ ನಟ್ಟನಡುವೆ ಎರಡು ಹನಿ ಸುರಿದಳು.

ಬುರಬುರನೆ ನೊರೆ ಎದ್ದಿತು.

"ನೊರೆ ಬಂತು! ಹಾಗಾದ್ರೆ ನಿಜವಾದದ್ದೇ ಅಲ್ವಾ ಮೇಡಂ?" ಅವನು ಹಿಗ್ಗಿಹೋದ.

ಅವಳು ಗಡಬಡಿಸಿ ನೀರು ಹೊಯ್ದು, ಭೂತಗನ್ನಡಿ ಹಿಡಿದಳು. ಆಸಿಡ್ ತಿಂದು ನಡುಭಾಗವೆಲ್ಲ ಅಳಿಸಿಹೋಗಿ ನುಣ್ಣಗಾಗಿತ್ತು. ಅಂಚಿನಲ್ಲಿ ಮಾತ್ರ ಮೂರು ದಪ್ಪ ಗೀರು ಉಳಿದಿದ್ದವು, ಅವುಗಳ ನಡುವೆ ಎರಡೆರಡು ಸಣ್ಣವು. ಅವಳು ಓದಿದ ಯಾವ ಪುಸ್ತಕದಲ್ಲೂ ಅಂಥದ್ದಿರಲಿಲ್ಲ. ಅಷ್ಟನ್ನೇ ಇಟ್ಟುಕೊಂಡು ಹೊಸ ಜಾತಿಯೆಂದು ಸಾಧಿಸುವುದು ಇನ್ನು ಯಾರಿಂದಲೂ ಆಗುವಂತಿರಲಿಲ್ಲ.

ಊರವರ ತಪ್ಪನ್ನೆಲ್ಲ ಎತ್ತಿ ಆಡಿದವಳಿಗೆ ತನ್ನದನ್ನು ಹೇಳಲು ಬಾಯಿ ಬರಲಿಲ್ಲ. ರಿಜಿಸ್ಟರಿನಲ್ಲಿ ಬರೆದಳು: ಚಿಪ್ಪಿನ ಪಳೆಯುಳಿಕೆ. ತಂದವರು ತಿಕ್ಕಿ ತೊಳೆದದ್ದರಿಂದ ದುರ್ಬಲವಾಗಿ, ಪರೀಕ್ಷೆಯ ವೇಳೆ ಹಾಳಾಯಿತು. ಗುರುತಿಸಲು ಸಾಧ್ಯವಿಲ್ಲ.

ಸಹಿಗೆಂದು ಅವನ ಕಡೆ ತಿರುಗಿಸಿದಳು. ಅವನು ಎರಡು ಸಲ ಓದಿದ. ಮುಖ ಸಪ್ಪಗಾಯಿತು.

"ಹೌದು ಮೇಡಂ. ಮೆತ್ತನೆ ಬ್ರಷ್‌ನಲ್ಲಿ ಒಂದ್ಸಲ ಮಣ್ಣು ಒರೆಸಿದ್ದೆ. ಹೀಗಾಗತ್ತೆ ಅಂತ ಗೊತ್ತಾಗ್ಲಿಲ್ಲ. ನಿಮ್ಮ ಕೆಲಸಾನೂ ಕೆಡಿಸಿಬಿಟ್ಟೆ, ತಪ್ಪಾಯ್ತು."

"ಇನ್ಮೇಲಾದ್ರೂ ಜೋಪಾನ," ಎಂದಳು ಅವಳು.