ಮುಖನೋಡಿಯ ಕಾಫಿ

ಗಿರಾಕಿ ಬಾಯಿಬಿಟ್ಟು ತನಗೆ ಇಂಥದ್ದೇ ಬೇಕೆಂದು ಹೇಳುವ ದಿನ ಬಂದರೆ, ಅಂದೇ ಒಲೆಗೆ ನೀರು ಸುರಿದು ಅಂಗಡಿಯ ಬಾಗಿಲು ಹಾಕುತ್ತೇನೆಂದು ಅವನು ಸಾರುತ್ತಿದ್ದ. ಅವನ ಕಾಫಿ ಅಂಗಡಿಯಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ. ಒಳಗೆ ಬಂದವರ ಮುಖವನ್ನೊಮ್ಮೆ ನೋಡುವುದು, ಲೋಟ ತುಂಬಿ ಮುಂದಿಡುವುದು, ಅಷ್ಟೆ. ಸಕ್ಕರೆ ಎಷ್ಟು, ಹಾಲು ಎಷ್ಟು, ಡಿಕಾಕ್ಷನ್ ಎಷ್ಟು ಗಟ್ಟಿ ಎಂಬುದೆಲ್ಲ ಹಣೆಯ ಮೇಲೇ ಬರೆದಿರುತ್ತದೆ, ಓದಲು ಬರಬೇಕು ಎನ್ನುವನು. ಒಮ್ಮೆ ಅವಳಿಜವಳಿ ಅಣ್ಣತಮ್ಮಂದಿರು ಬಂದಾಗ ಒಬ್ಬನಿಗೆ ಸಕ್ಕರೆ ಹಾಕಿ, ಇನ್ನೊಬ್ಬನಿಗೆ ಹಾಕದೆ ಕೊಟ್ಟನಂತೆ. ಅವರ ಹೆತ್ತ ತಾಯಿಗೂ ಅದುವರೆಗೆ ಯಾರು ಯಾರೆಂಬ ಗುರುತು ಸಿಕ್ಕಿರಲಿಲ್ಲವಂತೆ. ಹೀಗೆ ಇಡೀ ಬಡಾವಣೆಗೆ ಅವನು ಮುಖನೋಡಿಯಾದ. ಸ್ವಂತ ಹೆಸರು ಅವನಿಗೇ ಮರೆತುಹೋಗಿ, ಬೇಕಾದಾಗ ಹೆಂಡತಿಯನ್ನು ಕೇಳಿಕೊಳ್ಳುತ್ತಿದ್ದ.

ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಒಂದು ಮರವಿತ್ತು. ಕಟ್ಟಡಗಳ ಧೂಳಿಗೆ ಬೀದಿಯ ಉಳಿದ ಮರಗಳೆಲ್ಲ ಒಣಗಿ ಪೊರಕೆಯಾಗಿದ್ದರೂ ಅದೊಂದು ಮಾತ್ರ ಕಪ್ಪುಹಸಿರಾಗಿ ಮಿರುಗುತ್ತಿತ್ತು. ಚಳಿಗಾಲದಲ್ಲೂ ಎಲೆ ಉದುರಿಸದೆ, ನಿದ್ದೆಗೆಟ್ಟವರ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ತನ್ನ ಕಾಫಿಯ ಘಮ ಕುಡಿದೇ ಅದು ಬೆಳೆದದ್ದು ಎಂದು ಮುಖನೋಡಿ ದಾರಿಹೋಕರನ್ನು ನಿಲ್ಲಿಸಿ ತೋರಿಸುತ್ತಿದ್ದ. ಅದರ ಬುಡದ ಬೆಂಚು ಪಕ್ಕದಂಗಡಿಯ ಟೈಲರ್‌ನ ಸಿಂಹಾಸನ. ಟೈಲರ್ ಅವನ ಚಿಕ್ಕಂದಿನ ಗೆಳೆಯ. ಬೆಳಗಾದರೆ ಗಟ್ಟಿ ಕಾಫಿಯ ಲೋಟ ಹಿಡಿದು ಹೊರಗೆ ನಡೆಯುವನು. ಗಾಳಿಗೆ ಕೂತು ಕುಡಿದರೇನೇ ರುಚಿ ಎನ್ನುವನು.

ಆಮೇಲೆ ಬಡಾವಣೆ ಬೆಳೆಯತೊಡಗಿತು. ಹಲ್ಲುಜ್ಜಲು ಕೂತಾಗ ಖಾಲಿ ಇದ್ದ ಸೈಟಿನಲ್ಲಿ ಬಾಯಿ ಮುಕ್ಕಳಿಸಿ ಏಳುವಷ್ಟರಲ್ಲಿ ನಾಲ್ಕು ಮಹಡಿ ಎದ್ದಿರುತ್ತಿತ್ತು, ಮುಖ ಒರೆಸಿಕೊಳ್ಳುವಷ್ಟರಲ್ಲಿ ಲಿಫ್ಟು ಓಡಾಡುತ್ತಿತ್ತು. ಎದುರಿನ ಕಟ್ಟಿಗೆ ಡಿಪೋ ಹೋಗಿ ಗಾಜಿನ ಕಟ್ಟಡ ಬಂತು. ಅದರ ನೆಲಮಹಡಿಗೆ, ಎಲ್ಲ ಊರುಗಳಲ್ಲೂ ಒಂದೇ ಬೋರ್ಡು, ಒಂದೇ ಕುರ್ಚಿ, ಒಂದೇ ನಗು ಇಟ್ಟುಕೊಂಡಿರುವ ಕಂಪನಿ ಕಾಫಿ ಅಂಗಡಿ ಬಂತು. ಅಲ್ಲಿ ಲೋಟ ಕೈಗೆ ಬರುವ ಮುಂಚೆ ಹೆಸರು ಕೇಳುತ್ತಾರೆ, ಹಾಲು ಯಾವುದೆಂದು ಕೇಳುತ್ತಾರೆ, ನೊರೆ ಬೇಕೇ ಎಂದು ಕೇಳುತ್ತಾರೆ. ಅದು ಕಾಫಿ ಅಂಗಡಿಯೋ ಪೊಲೀಸ್ ಠಾಣೆಯೋ ಎಂದು ಮುಖನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿಸಿ ನೋಡುತ್ತಾನೆ, ಅವನ ಬೆಂಚುಗಳು ಖಾಲಿ.

ಹೆಂಡತಿ ಪಾತ್ರೆ ಉಜ್ಜುತ್ತಲೇ ಅಂದಳು, "ಏನು ಬೇಕು ಅಂತ ಒಂದು ಮಾತು ಕೇಳಿದ್ರೆ ನಿಮ್ಮ ನಾಲಿಗೆ ಸವೆದುಹೋಗುತ್ತಾ?"

"ಕೇಳಿ ಕೊಡೋನು ವ್ಯಾಪಾರಿ ಕಣೇ. ಕೇಳದೇನೇ ಕೊಡೋಳು ತಾಯಿ."

"ತಾಯಿ ಕೊಟ್ಟಿದ್ದನ್ನೂ ಮಕ್ಕಳು ಉಗೀತಾರೆ."

ಅಷ್ಟರಲ್ಲಿ ಮುಖನೋಡಿಯ ಅಂಗಡಿಯಿದ್ದ ಕಟ್ಟಡದ ಯಜಮಾನ ಬಂದ. ಇನ್ನೊಂದು ಕಂಪನಿಯವರು ಇದೇ ಜಾಗಕ್ಕೆ ಗಂಟುಬಿದ್ದಿದ್ದಾರೆ, ತನಗೂ ಹಳಬನನ್ನು ಎಬ್ಬಿಸಲು ಮನಸ್ಸಿಲ್ಲ, ಆದರೆ ನೊಣಗಳಿಗಾಗಿ ಅಂಗಡಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂದ. ಮುಖನೋಡಿಯ ಹಳೆಯ ಗಿರಾಕಿಗಳು ಮರಳಿ ಬರುವುದನ್ನು ಕಣ್ಣಾರೆ ಕಂಡರೆ ಜಾಗ ಅವನಿಗೇ, ಇಲ್ಲದಿದ್ದರೆ ಇಲ್ಲ. ಅಂಗಡಿ ಹೋದರೆ ತಾನು ಬರಿಯ ಮುಖವಾಗಿ ಉಳಿಯುತ್ತೇನೆ, ನೋಡುವವರೂ ಇರುವುದಿಲ್ಲ ಎಂದು ಮುಖನೋಡಿಗೆ ಗೊತ್ತಿತ್ತು.

ಹಳೆಯ ಗಿರಾಕಿಗಳನ್ನು ಕರೆತರಲೆಂದು ಅವನು ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿದ. ಕೌಂಟರಿನ ಹುಡುಗಿ ಏನು ಕೊಡಲಿ ಎಂದು ನಯವಾಗಿ ಕೇಳಿದಳು. ಊರಿಗೆಲ್ಲ ಏನು ಬೇಕೆಂದು ಹೇಳಬಲ್ಲವನಿಗೆ ತನಗೇನು ಬೇಕೆಂದು ಹೊಳೆಯಲಿಲ್ಲ. ನೀರು ಎಂದ. ನೀರು ಹಿಡಿದು ಪ್ಲಾಸ್ಟಿಕ್ ಗಿಡದ ಮರೆಯಲ್ಲಿ ಕೂತ.

ಮೊದಲು ಕಂಡವರು ನಿವೃತ್ತ ಮೇಷ್ಟ್ರು. ಅವರ ಮುಖದಲ್ಲಿ ಸಕ್ಕರೆ ಕಾಯಿಲೆ ಓದಿ, ಮುಖನೋಡಿ ವರ್ಷಗಟ್ಟಲೆ ಅವರಿಗೆ ಸಪ್ಪೆ ಕಾಫಿ ಕೊಟ್ಟಿದ್ದ. ಇಲ್ಲಿ ಅವರು ಕಾಫಿಗೆ ಸಕ್ಕರೆಯಲ್ಲ, ಸಕ್ಕರೆಗೆ ಒಂದಿಷ್ಟು ಕಾಫಿ ಹಾಕಿಸಿಕೊಂಡು ಚಮಚ ನೆಕ್ಕುತ್ತಿದ್ದರು. ಅವರ ಪಕ್ಕದಲ್ಲಿ ಟೈಲರ್. ಮುಖನೋಡಿ ಎದ್ದುಹೋಗಿ ಅವನ ಲೋಟದೊಳಗೆ ಇಣುಕಿದ.

"ಏನೋ ಇದು?"

"ಟೀ."

"ಯಾವಾಗಿಂದ?"

"ಮೊದಲಿಂದ. ನನಗೆ ಕಾಫಿ ಆಗಿಬರಲ್ಲ ಕಣೋ, ಹೊಟ್ಟೆ ಉರಿಯುತ್ತೆ."

"ಮತ್ತೆ ಇಷ್ಟು ವರ್ಷ ನಾನು ಕೊಟ್ಟಿದ್ದು?"

ಟೈಲರ್ ಗಾಜಿನಾಚೆ ನೋಡಿದ. ಮುಖನೋಡಿಯ ಕಣ್ಣೂ ಅದೇ ದಾರಿ ಹಿಡಿದು ಹೋಗಿ ಮರದ ಬುಡ ಮುಟ್ಟಿತು. ಗಟ್ಟಿ ಕಾಫಿ ಕುಡಿದು ಕೊಬ್ಬಿದ ಮರ ಅಲ್ಲಿಂದಲೇ ಅವನನ್ನು ನೋಡಿ ತಲೆಯಾಡಿಸುತ್ತಿತ್ತು.

"ಬಾಯಿಬಿಟ್ಟು ಹೇಳೋಕೆ ನಿನಗೇನು ಬಂದಿತ್ತು?"

"ಹೇಳಿದ್ರೆ ಬಾಗಿಲು ಹಾಕ್ತೀನಿ ಅಂತ ನೀನೇ ಸಾರ್ತಿದ್ದೆಯಲ್ಲೋ. ಬಾಗಿಲು ಹಾಕಿದ್ರೆ ನಾನು ಬೆಳಿಗ್ಗೆ ಎಲ್ಲಿಗೆ ಹೋಗ್ಲಿ? ನಾನು ಬರ್ತಿದ್ದದ್ದು ನಿನ್ನ ಬಾಯಿಗೆ, ಕಾಫಿಗಲ್ಲ."

ಆದರೂ ಗೆಳೆಯನಲ್ಲವೇ. ಯಜಮಾನನ ಎದುರಿಗೆ ಎಲ್ಲರನ್ನೂ ಕರೆತರುವ ಹೊಣೆ ಟೈಲರ್ ಹೊತ್ತುಕೊಂಡ. ಷರತ್ತು ಒಂದೇ: ಏನು ಬೇಕೆಂದು ಕೇಳಿ ಕೊಡಬೇಕು. ಮುಖನೋಡಿ ಒಪ್ಪಿದ. ಅಂದು ಸಂಜೆಯೆಲ್ಲ ಹಾಲಿನ ಪಾತ್ರೆಯನ್ನು, ಒಲೆಯನ್ನು, ಕೊನೆಗೆ ಹೆಂಡತಿಯನ್ನೂ ಏನು ಕೊಡಲಿ ಎಂದು ಕೇಳಿ ಕೇಳಿ ಅಭ್ಯಾಸ ಮಾಡಿದ. ಮದುವೆಯಾದ ಮೇಲೆ ಗಂಡ ಅಂಥದ್ದೊಂದು ಪ್ರಶ್ನೆ ಕೇಳಿದ್ದು ಅದೇ ಮೊದಲಾದ್ದರಿಂದ ಅವಳು ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು.

ಬೆಳಿಗ್ಗೆ ಎಲ್ಲರೂ ಬಂದರು. ಬೆಂಚುಗಳು ತುಂಬಿದವು. ಯಜಮಾನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ. ಎಲ್ಲ ಮುಖಗಳೂ ಒಮ್ಮೆಲೇ ಮುಖನೋಡಿಯತ್ತ ತಿರುಗಿದವು. ಏನು ಕೊಡಲಿ ಎಂದು ಕೇಳಲು ಅವನು ಬಾಯಿ ತೆರೆದ. ಆದರೆ ಮುಖ ಕಂಡ ಕೈ ಕೇಳಬೇಕಲ್ಲ, ತನ್ನ ಪಾಡಿಗೆ ಓಡತೊಡಗಿತು. ಲೋಟಗಳು ಸಾಲಾಗಿ ಬಂದು ಕೂತವು. ಮೇಷ್ಟ್ರ ಮುಂದೆ ಸಪ್ಪೆ ಕಾಫಿ, ಟೈಲರ್ ಮುಂದೆ ಗಟ್ಟಿ ಕಾಫಿ.

ಎಲ್ಲರೂ ಮುಂದಿಟ್ಟ ಲೋಟವನ್ನೇ ಕೈಗೆತ್ತಿಕೊಂಡರು. ಅಷ್ಟು ವರ್ಷಗಳ ರೂಢಿ ಅವರದ್ದೂ. ಟೈಲರ್ ಲೋಟ ಹಿಡಿದು ಎದ್ದ, ಗಾಳಿಗೆಂದು ಹೊರಗೆ ನಡೆದ, ಮರದ ಬುಡದಲ್ಲಿ ಕೈ ವಾಲಿಸಿದ. ಬೇಕೆಂದು ಮಾಡಿದ್ದಲ್ಲ, ಅವನ ಕೈಗೂ ಅದೇ ಅಭ್ಯಾಸ. ಕಾಫಿ ನೆಲಕ್ಕೆ ಬಿದ್ದ ಸದ್ದು ಒಳಗಿನವರಿಗೆಲ್ಲ ಕೇಳಿಸಿತು.

ಯಜಮಾನ ಕುರ್ಚಿ ಬಿಟ್ಟು ಎದ್ದ. "ನಿನಗಿರೋದು ಒಂದೇ ಗಿರಾಕಿ ಅಂತ ಕಾಣುತ್ತಪ್ಪ. ಅದೂ ಮರ," ಎಂದು ಹೇಳಿ ಹೊರಟುಹೋದ.

ಅಂಗಡಿ ಖಾಲಿಯಾಯಿತು. ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದಳು. ಹೊಸ ಕಂಪನಿಯವರು ಬಂದು ಗೋಡೆ ಒಡೆದರು, ಗಾಜು ಕೂರಿಸಿದರು, ಬೋರ್ಡಿಗೆ ಅಡ್ಡವಾಗುತ್ತದೆಂದು ಮರ ಕಡಿಸಿದರು. ಹಳೆಯ ಅಂಗಡಿಯ ನೆನಪಿಗೆಂದು ಗೋಡೆಯ ಮೇಲೆ ಮುಖನೋಡಿಯದೊಂದು ಫೋಟೊ ತೂಗುಹಾಕಿದರು. ಜೀವಮಾನವಿಡೀ ಮುಖ ನೋಡಿದವನು ಈಗ ಮುಖ ತೋರಿಸುವವನಾದ. ಆರಂಭದ ದಿನ ಅವನನ್ನೂ ಕರೆಸಿ, ಬೀದಿಯವರೆಲ್ಲರ ಎದುರು ದೊಡ್ಡ ಲೋಟವೊಂದನ್ನು ಕೈಗಿತ್ತರು. ಟೈಲರ್ ಟೀ ಹಿಡಿದು, ತಲೆ ತಗ್ಗಿಸಿ, ಪಕ್ಕದಲ್ಲೇ ನಿಂತಿದ್ದ.

ಮುಖನೋಡಿ ಒಂದು ಗುಟುಕು ಕುಡಿದ. ಲೋಟ ಹಿಡಿದೇ ಹೊರಗೆ ಬಂದು, ಮರವಿದ್ದ ಕಡೆ ಹಾಸಿದ್ದ ನುಣುಪಾದ ಕಲ್ಲುಗಳನ್ನು ನೋಡುತ್ತ ನಿಂತ. ಎಳೆ ವಯಸ್ಸಿನ ಮ್ಯಾನೇಜರ್ ಹಿಂದೆಯೇ ಬಂದು ಕೇಳಿದ, "ಹೇಗಿದೆ ಅಂಕಲ್ ನಮ್ಮ ಕಾಫಿ?"

"ನೀವು ಎಲ್ಲಾನೂ ಕೇಳಿ ಕೇಳಿ ಮಾಡೋರು," ಎಂದ ಮುಖನೋಡಿ. "ಮರ ಕಡಿಯೋಕೆ ಮುಂಚೆ ನನ್ನನ್ನೂ ಒಂದು ಮಾತು ಕೇಳಬಾರದಿತ್ತೇನಪ್ಪ? ಈಗ ಇದನ್ನ ಎಲ್ಲಿ ಸುರೀಲಿ?"