ಕೊನೆಯ ಪುಟಗಳಿಲ್ಲದ ಪತ್ರಿಕೆಗಳು

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಅಮೆರಿಕದ ಆನ್ ಆರ್ಬರ್‌ನಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಶನಿವಾರ ಬಸ್ಸು ಹಿಡಿದು ಡೆಟ್ರಾಯ್ಟ್‌ಗೆ ಹೋಗಿ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಹೊತ್ತು ಕಳೆಯುವುದು ಅಭ್ಯಾಸ. ಪಠ್ಯಪುಸ್ತಕ ಹುಡುಕುತ್ತ ನೆಲಮಾಳಿಗೆಗೆ ಇಳಿದವಳಿಗೆ ಅಲ್ಲಿ ಸಿಕ್ಕಿದ್ದು ಬೇರೆಯೇ: ಇಪ್ಪತ್ತು ವರ್ಷ ಹಿಂದಿನ ಅಗ್ಗದ ಕಥಾಪತ್ರಿಕೆಗಳು. ಒಳಗೆ ಮುಟ್ಟಿದರೆ ಪುಡಿಯಾಗುವ ಕಂದು ಕಾಗದ, ಮೇಲೆ ಕಣ್ಣು ಕುಕ್ಕುವ ಬಣ್ಣದ ಮುಖಪುಟ. ಒಂದರ ಮೇಲೆ ಇಬ್ಬರು ಹೆಂಗಸರಿದ್ದರು. ಹೊಂಗೂದಲಿನವಳು ಮಂಚದ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಕಪ್ಪು ಕೂದಲಿನವಳು ಸಿಗರೇಟು ಹಿಡಿದು ಅವಳನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ನಾನೂ ಒಬ್ಬಳನ್ನು ಹಾಗೆ ನೋಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಎರಡು ಸಸ್ಯಶಾಸ್ತ್ರದ ಪುಸ್ತಕಗಳ ನಡುವೆ ಇಟ್ಟು ಅದನ್ನು ಕೊಂಡುತಂದೆ. ಆಮೇಲೆ ಹೋದಾಗಲೆಲ್ಲ ಇನ್ನಷ್ಟು. ಆ ಕಥೆಗಳಲ್ಲಿ ಇಂಥ ಹೆಂಗಸರು ಜೈಲಿನ ವಾರ್ಡನ್‌ಗಳು, ಕುಡುಕಿಯರು, ಎಳೆಯರನ್ನು ಕೆಡಿಸುವವರು. ಕೊನೆಗೆ ಒಬ್ಬಳು ಕಿಟಕಿಯಿಂದ ಹಾರುತ್ತಾಳೆ, ಇಲ್ಲವೇ ಹುಚ್ಚಾಸ್ಪತ್ರೆ ಸೇರುತ್ತಾಳೆ, ಇನ್ನೊಬ್ಬಳಿಗೆ ಮದುವೆಯಾಗುತ್ತದೆ. ಓದಿ ಮುಗಿಸಿದಾಗ ಬಾಯೆಲ್ಲ ಕಹಿ. ಆದರೂ ನಡುವೆ ಎಲ್ಲೋ ಇಬ್ಬರೂ ಒಟ್ಟಿಗೆ ಅಡುಗೆ ಮಾಡುತ್ತಿದ್ದರು, ಒಬ್ಬಳು ಇನ್ನೊಬ್ಬಳ ಕೋಟಿನ ಗುಂಡಿ ಹಾಕುತ್ತಿದ್ದಳು. ಅದಕ್ಕಾಗಿ ಮಿಕ್ಕಿದ್ದನ್ನೆಲ್ಲ ಸಹಿಸುತ್ತಿದ್ದೆ.

ನನ್ನ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದವಳು ಧಾರವಾಡದವಳು, ಆಸ್ಪತ್ರೆಯಲ್ಲಿ ಡಾಕ್ಟರ್. ಒಂದು ಭಾನುವಾರ ಸ್ವೆಟರ್ ಹುಡುಕುತ್ತ ನನ್ನ ಕಪಾಟು ತೆಗೆದವಳಿಗೆ ಇಡೀ ರಾಶಿ ಸಿಕ್ಕಿತು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಅಲ್ಲೇ ನೆಲದ ಮೇಲೆ ಕುಳಿತು ಒಂದು ಕಥೆಯನ್ನು ಪೂರ್ತಿ ಓದಿದಳು. ಸಾರು ಆರಿಹೋಯಿತು.

"ಈಕಿ ಯಾಕ ಸತ್ಲು?" ಎಂದಳು ಕೊನೆಗೆ.

"ಎಲ್ಲ ಕಥೇಲೂ ಸಾಯ್ತಾರೆ."

"ಏನ್ ತಪ್ಪು ಮಾಡ್ಯಾಳಂತ?"

ಅವಳು ಪತ್ರಿಕೆಯನ್ನು ಹುಷಾರಾಗಿ ಇದ್ದ ಜಾಗದಲ್ಲೇ ಇಟ್ಟಳು. "ಬರೋ ಶನಿವಾರ ನಾನೂ ಬರ್ತೀನಿ. ಬಸ್ ಯಾಕ, ಡ್ರೈವ್ ಮಾಡ್ಕೊಂಡು ಹೋಗೂಣು."

ಆ ಶನಿವಾರ ಅಂಗಡಿಗೆ ಹೊಸ ಪೆಟ್ಟಿಗೆಯೊಂದು ಬಂದಿತ್ತು. ಅದರಲ್ಲಿದ್ದ ಪತ್ರಿಕೆಗಳಲ್ಲೆಲ್ಲ ಇಂಥ ಕಥೆಗಳ ಕೊನೆಯ ಪುಟಗಳನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು. ಇವು ಯಾರವು ಎಂದು ಕೇಳಿದೆ. ಅಂಗಡಿಯವನು ಪೆಟ್ಟಿಗೆ ಕೊಟ್ಟವರ ಮನೆಗೆ ಫೋನ್ ಮಾಡಿ, ಅವರ ಹತ್ತಿರ ಇನ್ನೂ ಇವೆಯಂತೆ, ಹೋಗಿ ನೋಡಿ ಎಂದ.

ಬಾಗಿಲು ತೆರೆದವರು ಅರವತ್ತು ದಾಟಿದ, ನಿವೃತ್ತ ಶಾಲಾಶಿಕ್ಷಕಿ. ಹಜಾರದಲ್ಲಿ ಒಂದೇ ಕುರ್ಚಿ. ಪುಟಗಳ ವಿಷಯ ಕೇಳಿದಾಗ ಮುಚ್ಚಿಡಲಿಲ್ಲ.

"ನಾನೇ ಕತ್ತರಿಸಿದ್ದು. ನನ್ನ ಜೊತೆ ಇದ್ದವಳಿಗೆ ಕಥೆ ಅಂದರೆ ಪ್ರಾಣ. ಕೊನೆ ಓದಿದರೆ ಮಾತ್ರ ಮಂಕಾಗಿಬಿಡೋಳು. ಅದಕ್ಕೆ ನಾನು ಮೊದಲೇ ಓದಿ, ಕತ್ತರಿಸಿ ಕೊಡ್ತಿದ್ದೆ. ಮುಂದಿನ ಕಥೇನ ಊಟಕ್ಕೆ ಕೂತಾಗ ನಾವೇ ಹೇಳ್ಕೊಳ್ತಿದ್ವಿ."

ಜೊತೆಗಾತಿ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮನೆ ಇದ್ದದ್ದು ಆ ಜೊತೆಗಾತಿಯ ಹೆಸರಿನಲ್ಲಿ. ಅಂತ್ಯಕ್ರಿಯೆಯ ದಿನ ಆಕೆಯ ತಮ್ಮನ ಕುಟುಂಬ ಮುಂದಿನ ಸಾಲಿನಲ್ಲಿ ಕುಳಿತಿತ್ತು. ಇವರು ಬಾಡಿಗೆಗಿದ್ದವರಂತೆ ಹಿಂದೆ. "ಪಿಯಾನೋ, ಮಂಚ, ಪಾತ್ರೆ ಎಲ್ಲ ತಗೊಂಡು ಹೋದರು. ಇವನ್ನು ಮಾತ್ರ ಮುಟ್ಟಲಿಲ್ಲ," ಎಂದರು. ಮನೆ ಖಾಲಿ ಮಾಡಿ ಅಕ್ಕನ ಮನೆಗೆ ಹೊರಟಿದ್ದ ಅವರು ಅಲ್ಲಿನ ಫೋನ್ ನಂಬರನ್ನೂ ಬರೆದುಕೊಟ್ಟರು.

ಪೆಟ್ಟಿಗೆಗಳನ್ನು ಕಾರಿಗೆ ಏರಿಸಿದ ಮೇಲೆ ಅವರು ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ ಕೇಳಿದರು: "ನೀವೂ ಹಾಗೇನಾ?"

ನಾನು ತಲೆ ತಗ್ಗಿಸಿದೆ. ನನ್ನ ಪಕ್ಕದಲ್ಲಿದ್ದವಳು "ಹೌದು" ಎಂದಳು. ನಾವು ಆವರೆಗೆ ಒಬ್ಬರಿಗೊಬ್ಬರು ಆ ಮಾತು ಆಡಿರಲಿಲ್ಲ.

ಹಿಂದಿರುಗುವಾಗ ಹೆದ್ದಾರಿಯಿಂದ ನಮ್ಮೂರಿಗೆ ತಿರುಗುವ ಜಾಗ ಹತ್ತಿರ ಬಂದಾಗ ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಸೋಮವಾರ ಒಬ್ಬ ಲಾಯರ್‌ನ ನೋಡೂಣು. ನಂದು ಏನದ, ಎಲ್ಲಾ ನಿನ್ನ ಹೆಸರಿಗೂ ಇರ್ಲಿ." ನಾನು ಅವಳ ತೋಳಿನ ಮೇಲೆ ಕೈಯಿಟ್ಟೆ.

ಕೆಲವು ವರ್ಷಗಳ ನಂತರ ಅವಳಿಗೆ ಶಿಕಾಗೋ ಕಡೆ ಕೆಲಸ ಸಿಕ್ಕಿತು. ಅಲ್ಲಿಗೆ ಹತ್ತಿರದ ವೆಸ್ಟ್‌ಮಾಂಟ್‌ನಲ್ಲಿ ಮನೆ ಕೊಂಡೆವು. ಸಹಿ ಹಾಕುವ ದಿನ ಬ್ರೋಕರ್ ನಗುತ್ತ, ಅಕ್ಕತಂಗಿಯರೇ ಎಂದು ಕೇಳಿದ. ಅಲ್ಲ ಎಂದಷ್ಟೇ ಹೇಳಿ ಅವಳು ಪೆನ್ನನ್ನು ನನ್ನ ಕಡೆ ಚಾಚಿದಳು. ಸುತ್ತಲಿನ ಕನ್ನಡದ ಮನೆಯವರು ಹಬ್ಬಕ್ಕೆ ಇಬ್ಬರನ್ನೂ ಕರೆಯುತ್ತಿದ್ದರು. ಏನು ಅಂದುಕೊಂಡಿದ್ದರೋ, ನಾವು ಕೇಳಲಿಲ್ಲ, ಅವರೂ ಕೇಳಲಿಲ್ಲ.

ಹೊಸ ಮನೆಯ ಸುದ್ದಿ ಹೇಳಲು ಆ ಶಿಕ್ಷಕಿಗೆ ಫೋನ್ ಮಾಡಿದೆ. ಎತ್ತಿದವರು ಅವರ ಅಕ್ಕ. ತಂಗಿ ತೀರಿಕೊಂಡು ಕೆಲವು ತಿಂಗಳಾಯಿತು ಎಂದರು.

"ನೀವು ಅವಳ ವಿದ್ಯಾರ್ಥಿನಿಯಾಗಿದ್ದಿರಾ?" ಎಂದು ಕೇಳಿದರು.

ಹೌದು ಎಂದೆ.